ಟ್ರಿಪ್ ಆಗುವ ಸ್ಟಾರ್ಟರ್ ಕೆಟ್ಟಿದೆ ಎಂದಲ್ಲ

ಪಂಪ್‌ಹೌಸಿನ ಗೋಡೆಯ ಮೇಲಿರುವ ಸ್ಟಾರ್ಟರ್ ಡಬ್ಬಿಯನ್ನು ಹೆಚ್ಚಿನವರು ಒಂದು ದೊಡ್ಡ ಸ್ವಿಚ್ಚು ಎಂದೇ ತಿಳಿದಿದ್ದಾರೆ. ಹಸಿರು ಗುಂಡಿ ಒತ್ತಿದರೆ ನೀರು ಬರಬೇಕು, ಕೆಂಪು ಒತ್ತಿದರೆ ನಿಲ್ಲಬೇಕು. ನಡುವೆ ತಾನಾಗಿ ನಿಂತುಬಿಟ್ಟರೆ ಸ್ಟಾರ್ಟರ್ ಕೆಟ್ಟಿದೆ ಎಂಬ ತೀರ್ಮಾನ. ಆಮೇಲೆ ಯಾರೋ ಒಬ್ಬರು ಮುಚ್ಚಳ ಬಿಚ್ಚಿ, ಒಳಗಿನ ರಿಲೇಯ ಪುಟ್ಟ ತಿರುಗಣೆಗೆ ಸ್ಕ್ರೂಡ್ರೈವರ್ ಹಾಕಿ ಕೊನೆಯ ಅಂಕಿಯವರೆಗೆ ತಿರುಗಿಸಿಡುತ್ತಾರೆ. ಟ್ರಿಪ್ ಆಗುವುದು ನಿಲ್ಲುತ್ತದೆ. ಸ್ವಲ್ಪ ದಿನಕ್ಕೆ ಮೋಟಾರು ರಿವೈಂಡಿಂಗ್ ಅಂಗಡಿ ಸೇರುತ್ತದೆ. ಮೋಟಾರು ಸುಟ್ಟ ಮನೆಯಲ್ಲಿ ಆ ವಾರ ಬೆಳೆ ಒಣಗುವ ಚಿಂತೆ, ಬೋರಿನಿಂದ ಪೈಪು ಎತ್ತಿಸುವ ಖರ್ಚು, ಎರಡೂ ಒಟ್ಟಿಗೆ ಬರುತ್ತವೆ. ಇದರಲ್ಲಿ ಬಹುಪಾಲು ತಪ್ಪಿಸಬಹುದಾದ ನಷ್ಟ.

ಡಬ್ಬಿಯೊಳಗೆ ಮುಖ್ಯವಾಗಿ ಎರಡು ಸಾಮಾನುಗಳಿವೆ. ಒಂದು ಕಾಂಟ್ಯಾಕ್ಟರ್. ಅದರ ಕಾಯಿಲಿಗೆ ಕರೆಂಟು ಹರಿದಾಗ ಅಯಸ್ಕಾಂತವಾಗಿ ಮೂರೂ ಫೇಸುಗಳನ್ನು ಒಟ್ಟಿಗೆ ಕೂಡಿಸುತ್ತದೆ, ಕರೆಂಟು ಹೋದರೆ ಸ್ಪ್ರಿಂಗು ಅವನ್ನು ಬಿಡಿಸುತ್ತದೆ. ಇನ್ನೊಂದು ಅದರ ಕೆಳಗೆ ಕೂತಿರುವ ಓವರ್‌ಲೋಡ್ ರಿಲೇ. ಅದರೊಳಗೆ ಪ್ರತಿ ಫೇಸಿಗೂ ಎರಡು ಬೇರೆ ಲೋಹಗಳನ್ನು ಬೆಸೆದ ಒಂದೊಂದು ಪಟ್ಟಿ ಇರುತ್ತದೆ. ಮೋಟಾರಿಗೆ ಹೋಗುವ ಕರೆಂಟಿನಿಂದ ಪಟ್ಟಿ ಬಿಸಿಯಾಗಿ ಬಾಗುತ್ತದೆ. ಹೆಚ್ಚು ಬಾಗಿದರೆ ಕಾಯಿಲಿನ ಸಂಪರ್ಕ ಕಡಿದು ಮೋಟಾರನ್ನು ನಿಲ್ಲಿಸುತ್ತದೆ. ಅಂದರೆ ಆ ಪಟ್ಟಿ ಅಳೆಯುತ್ತಿರುವುದು ಕಣ್ಣಿಗೆ ಕಾಣದ ವೈಂಡಿಂಗಿನ ಬಿಸಿಯನ್ನು. ಸ್ಟಾರ್ಟರ್ ಟ್ರಿಪ್ ಆಯಿತೆಂದರೆ ಅದು ತನ್ನ ಕೆಲಸ ಮಾಡಿದೆ, ತೊಂದರೆ ಬೇರೆಲ್ಲೋ ಇದೆ.

‘ಶುರುವಾಗುವಾಗ ಮೋಟಾರು ಆರೇಳು ಪಟ್ಟು ಕರೆಂಟು ಎಳೆಯುತ್ತದೆ, ಆದ್ದರಿಂದ ರಿಲೇಯನ್ನು ಮೇಲಕ್ಕೇ ಇಡಬೇಕು’ ಎನ್ನುವವರಿದ್ದಾರೆ. ಮೊದಲ ಮಾತು ನಿಜ, ಎರಡನೆಯದು ತಪ್ಪು. ಪಟ್ಟಿ ಬಿಸಿಯಾಗಲು ಹೊತ್ತು ಬೇಕು. ಸಾಮಾನ್ಯವಾಗಿ ಬಳಸುವ 10ನೇ ಕ್ಲಾಸಿನ ರಿಲೇ, ತಣ್ಣಗಿರುವಾಗ ಸೆಟ್ಟಿಂಗಿನ 7.2 ಪಟ್ಟು ಕರೆಂಟು ಹರಿದರೂ 4ರಿಂದ 10 ಸೆಕೆಂಡು ಸುಮ್ಮನಿರುತ್ತದೆ. ಪಂಪು ಅಷ್ಟರೊಳಗೆ ವೇಗ ಹಿಡಿದಿರುತ್ತದೆ. ಹಾಗಾಗಿ ತಿರುಗಣೆಯನ್ನು ನೇಮ್‌ಪ್ಲೇಟಿನಲ್ಲಿ ಬರೆದ ಆಂಪಿಯರಿಗೇ ಇಡಬೇಕು (ಸ್ಟಾರ್ ಡೆಲ್ಟಾ ಸ್ಟಾರ್ಟರಿನ ಲೆಕ್ಕ ಬೇರೆ, ಅದು ಮುಂದೆ ಬರುತ್ತದೆ). ಹಾಗೆ ಇಟ್ಟರೂ 1.05 ಪಟ್ಟು ಕರೆಂಟಿಗೆ ಅದು ಟ್ರಿಪ್ ಆಗುವುದಿಲ್ಲ, 1.2 ಪಟ್ಟಾದರೆ ಎರಡು ಗಂಟೆಯೊಳಗೆ ಆಗುತ್ತದೆ. ಕೊಡಬೇಕಾದ ರಿಯಾಯಿತಿಯನ್ನು ತಯಾರಿಸುವಾಗಲೇ ಕೊಟ್ಟಿದ್ದಾರೆ.

ಟ್ರಿಪ್ ಆದ ತಕ್ಷಣ ಮತ್ತೆ ಮತ್ತೆ ಗುಂಡಿ ಒತ್ತುವುದೂ ಇದೇ ಜಾತಿಯ ತಪ್ಪು. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದಂತೆ ಏರುತ್ತದೆ. ಪ್ರತಿ ಸಲ ಶುರುವಾಗುವಾಗಿನ ಆರು ಪಟ್ಟು ಕರೆಂಟೆಂದರೆ ಮೂವತ್ತಾರು ಪಟ್ಟು ಬಿಸಿ. ರಿಲೇ ಆರುವವರೆಗೆ ರಿಸೆಟ್ ಕೂರದೆ ಸತಾಯಿಸುವುದು ಮೋಟಾರಿನ ಒಳ್ಳೆಯದಕ್ಕೇ.

ಅತಿ ಹೆಚ್ಚು ಗೊಂದಲ ಇರುವುದು, ವೈಂಡಿಂಗುಗಳನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಶುರು ಮಾಡಿ ಆಮೇಲೆ ಡೆಲ್ಟಾ ಜೋಡಣೆಗೆ ಬದಲಾಯಿಸುವ ಸ್ಟಾರ್ ಡೆಲ್ಟಾ ಸ್ಟಾರ್ಟರಿನಲ್ಲಿ, ಅನುಭವಿಗಳು ಎಡವುವುದೂ ಅಲ್ಲೇ. 10 ಎಚ್‌ಪಿಯ ಒಂದು ಮೋಟಾರಿನ ನೇಮ್‌ಪ್ಲೇಟಿನಲ್ಲಿ 14 ಆಂಪಿಯರ್ ಎಂದಿದೆ ಎನ್ನಿ. ರಿಲೇಯನ್ನು 14ಕ್ಕೇ ಇಟ್ಟರೆ ಸರಿಯಾಯಿತು ಎಂದುಕೊಳ್ಳುತ್ತೇವೆ. ಆದರೆ ಆ 14 ಹರಿಯುವುದು ಹೊರಗಿನಿಂದ ಬರುವ ಲೈನಿನಲ್ಲಿ. ಡೆಲ್ಟಾದಲ್ಲಿ ಅದು ಎರಡೆರಡು ವೈಂಡಿಂಗಿಗೆ ಹಂಚಿಹೋಗುವುದರಿಂದ ಒಂದೊಂದರಲ್ಲಿ ಹರಿಯುವುದು ಅದರ ಶೇ. 58, ಅಂದರೆ ಸುಮಾರು 8 ಆಂಪಿಯರ್ ಮಾತ್ರ. ಸಾಮಾನ್ಯ ಸ್ಟಾರ್ ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇಯನ್ನು ಜೋಡಿಸಿರುವುದು ಈ ವೈಂಡಿಂಗಿನ ದಾರಿಯಲ್ಲೇ. ಅಲ್ಲಿ ಅದನ್ನು ಇಡಬೇಕಾದ್ದು ಸುಮಾರು 8ಕ್ಕೆ. 14ಕ್ಕೆ ಇಟ್ಟ ರಿಲೇ, ಮೋಟಾರು ಮುಕ್ಕಾಲು ಪಾಲು ಹೆಚ್ಚುವರಿ ಕರೆಂಟು ಎಳೆಯುವವರೆಗೂ ಮಿಸುಕುವುದಿಲ್ಲ. ಅಷ್ಟರಲ್ಲಿ ವೈಂಡಿಂಗಿನ ವಾರ್ನಿಷ್ ಸುಟ್ಟಿರುತ್ತದೆ. ನಿಮ್ಮ ಸ್ಟಾರ್ಟರಿನಿಂದ ಮೋಟಾರಿಗೆ ಆರು ತಂತಿ ಹೋಗುತ್ತಿದ್ದರೆ, ರಿಲೇ ಯಾವ ದಾರಿಯಲ್ಲಿದೆ ಎಂದು ಎಲೆಕ್ಟ್ರೀಷಿಯನ್ ಹತ್ತಿರ ಇಂದೇ ಕೇಳಿ ನೋಡಿ.

ಇದೇ ಸ್ಟಾರ್ಟರಿನ ಬಗ್ಗೆ ಇನ್ನೊಂದು ಮಾತು: ಸ್ಟಾರಿನಲ್ಲಿ ಶುರು ಮಾಡುವುದು ಕರೆಂಟು ಬಿಲ್ ಉಳಿಸಲು ಅಲ್ಲ. 415 ವೋಲ್ಟಿನ ಬದಲು ಪ್ರತಿ ವೈಂಡಿಂಗಿಗೆ 240 ವೋಲ್ಟ್ ಸಿಗುವುದರಿಂದ ಶುರುವಿನ ಕರೆಂಟು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಟ್ರಾನ್ಸ್‌ಫಾರ್ಮರಿಗೆ ಹೊಡೆತ ತಪ್ಪುತ್ತದೆ. ತಿರುಗಿಸುವ ಬಲವೂ ಅಷ್ಟೇ ಇಳಿಯುತ್ತದೆ. ಪಂಪಿಗೆ ಅದು ಸಾಕು, ಕಬ್ಬು ತುಂಬಿ ನಿಂತ ಗಾಣಕ್ಕೆ ಸಾಲದು.

‘ಎಂಸಿಬಿ ಹಾಕಿಸಿದ್ದೇನೆ, ರಿಲೇ ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಎಂಸಿಬಿ ಕಾಯುವುದು ಶಾರ್ಟ್ ಆದಾಗ ತಂತಿಯನ್ನು. ಮೋಟಾರಿನ ಶುರುವಿನ ಕರೆಂಟನ್ನು ತಡೆದುಕೊಳ್ಳಲಿ ಎಂದು ಅದನ್ನು ದೊಡ್ಡದಾಗಿಯೇ ಆರಿಸಿರುತ್ತಾರೆ. ಮೋಟಾರು ಮೆಲ್ಲಗೆ ಬೇಯುತ್ತಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ.

‘ವೋಲ್ಟೇಜ್ ಕಡಿಮೆ ಇದ್ದರೆ ಕರೆಂಟೂ ಕಡಿಮೆ, ಮೋಟಾರಿಗೆ ಅಪಾಯವಿಲ್ಲ’ ಎಂಬುದು ಬಲ್ಬಿನ ಲೆಕ್ಕ. ಬಲ್ಬು ಮಂಕಾಗಿ ಸುಮ್ಮನಾಗುತ್ತದೆ. ಮೋಟಾರಿನ ಮೇಲೆ ಪಂಪಿನ ಹೊರೆ ಹಾಗೇ ಇರುತ್ತದೆ. ವೋಲ್ಟೇಜ್ ಶೇ. 10 ಇಳಿದರೆ ಪೂರ್ತಿ ಲೋಡಿನ ಮೋಟಾರು ಹೆಚ್ಚೂಕಡಿಮೆ ಅಷ್ಟೇ ಪ್ರಮಾಣದ ಹೆಚ್ಚು ಕರೆಂಟು ಎಳೆದು ಆ ಕೆಲಸ ಮಾಡುತ್ತದೆ. ಲೈನಿನ ಕೊನೆಯಲ್ಲಿರುವ ತೋಟಗಳಲ್ಲಿ ಮೋಟಾರು ಬೇಗ ಸುಡುವುದಕ್ಕೆ ಇದು ದೊಡ್ಡ ಕಾರಣ. ಎಲ್ಲರ ಆಟೋ ಸ್ಟಾರ್ಟರುಗಳೂ ಕರೆಂಟು ಬಂದ ಗಳಿಗೆಯಲ್ಲೇ ಒಟ್ಟಿಗೆ ಹೊರಟರೆ ಆ ಲೈನಿನ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಅಕ್ಕಪಕ್ಕದವರು ಮಾತಾಡಿಕೊಂಡು ಒಂದೆರಡು ನಿಮಿಷದ ಅಂತರ ಇಟ್ಟುಕೊಂಡರೆ ಎಲ್ಲರಿಗೂ ಒಳ್ಳೆಯದು.

ಹಾಗೆಂದು ಓವರ್‌ಲೋಡ್ ರಿಲೇ ಎಲ್ಲದರಿಂದಲೂ ಕಾಪಾಡುತ್ತದೆ ಎಂದು ನಂಬುವುದೂ ಬೇಡ. ಬಾವಿಯ ಮೇಲಿನ ಸೆಂಟ್ರಿಫ್ಯೂಗಲ್ ಪಂಪಿನ ಗೇಟ್ ವಾಲ್ವ್ ಮುಚ್ಚಿದರೆ ಮೋಟಾರಿಗೆ ಲೋಡು ಹೆಚ್ಚುತ್ತದೆ ಎಂದು ಅನ್ನಿಸುವುದು ಸಹಜ. ಆ್ಯಮೀಟರ್ ನೋಡಿದರೆ ಮುಳ್ಳು ಕೆಳಗಿಳಿದಿರುತ್ತದೆ. ನೀರನ್ನು ಸಾಗಿಸುವುದೇ ಕೆಲಸ, ನೀರು ಸಾಗದಿದ್ದರೆ ಕೆಲಸವೂ ಇಲ್ಲ. ಬೋರಿನಲ್ಲಿ ನೀರು ಬತ್ತಿದಾಗಲೂ ಹೀಗೇ ಕರೆಂಟು ಇಳಿಯುತ್ತದೆ, ರಿಲೇಗೆ ಎಲ್ಲವೂ ನೆಮ್ಮದಿಯಾಗಿ ಕಾಣುತ್ತದೆ. ಆದರೆ ಸಬ್‌ಮರ್ಸಿಬಲ್ ಮೋಟಾರು ತಣ್ಣಗಿರುವುದು ಸುತ್ತ ಹರಿಯುವ ನೀರಿನಿಂದ, ಅದರ ಬೇರಿಂಗು ತೊಯ್ದಿರುವುದೂ ನೀರಿನಲ್ಲೇ. ಡ್ರೈ ರನ್ ಹಿಡಿಯಲು ಕರೆಂಟು ಕಡಿಮೆಯಾದದ್ದನ್ನು ನೋಡುವ ಬೇರೆಯೇ ರಿಲೇ ಬೇಕು.

ಇನ್ನು ಫೇಸ್ ಹೋಗುವುದು. ಮೂರರಲ್ಲಿ ಒಂದು ಫ್ಯೂಸು ಹಾರಿದರೆ ಮೋಟಾರು ನಿಂತುಬಿಡುತ್ತದೆ ಎಂಬ ನಂಬಿಕೆ ಇದೆ. ನಿಂತ ಮೋಟಾರು ಹೊರಡುವುದಿಲ್ಲ, ಗುಂಯ್‌ಗುಡುತ್ತಾ ಕೂರುತ್ತದೆ, ಅದು ಸರಿ. ಓಡುತ್ತಿರುವ ಮೋಟಾರು ಮಾತ್ರ ಓಡುತ್ತಲೇ ಇರಬಹುದು, ಅದೇ ಲೋಡಿಗೆ ಉಳಿದ ಎರಡು ಲೈನುಗಳಲ್ಲಿ ಸುಮಾರು 1.7 ಪಟ್ಟು ಕರೆಂಟು ಎಳೆಯುತ್ತಾ. ಈಗಿನ ಹಲವು ರಿಲೇಗಳು ಫೇಸ್ ತಪ್ಪಿದ್ದನ್ನು ಗುರುತಿಸುತ್ತವೆ, ಹಳೆಯ ಡಬ್ಬಿಗಳಿಗೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸಬೇಕು. ಸಿಂಗಲ್ ಫೇಸ್ ಕರೆಂಟಿನಲ್ಲಿ ಕಂಡೆನ್ಸರ್ ಕಟ್ಟಿ ತ್ರೀ ಫೇಸ್ ಮೋಟಾರು ಓಡಿಸುವವರು ಮೊದಲು ತೆಗೆದುಹಾಕುವುದು ಈ ಪ್ರಿವೆಂಟರನ್ನೇ. ನೀರಿಗಾಗಿ ಕಾದವರ ಅವಸರ ಅರ್ಥವಾಗುತ್ತದೆ. ಆದರೆ ಆ ಕ್ಷಣದಿಂದ ಮೋಟಾರಿಗೆ ಕಾವಲಿಲ್ಲ.

ಸುಟ್ಟ ಮೇಲಾದರೂ ಕಾರಣ ತಿಳಿಯುವ ದಾರಿಯಿದೆ, ಅದನ್ನು ಕಳೆದುಕೊಳ್ಳಬೇಡಿ. ಮೋಟಾರು ಬಿಚ್ಚಿದಾಗ ಸುತ್ತಲಿನ ಕಾಯಿಲುಗಳೆಲ್ಲ ಒಂದೇ ಸಮನೆ ಕಪ್ಪಾಗಿದ್ದರೆ ಓವರ್‌ಲೋಡ್ ಅಥವಾ ವೋಲ್ಟೇಜಿನ ಕೊರತೆ. ಒಂದು ಗುಂಪು ಕರಕಲಾಗಿ ಎರಡು ಗುಂಪು ಹೊಸದರಂತೆ ಹೊಳೆಯುತ್ತಿದ್ದರೆ ಡೆಲ್ಟಾದಲ್ಲಿ ಫೇಸ್ ಹೋಗಿದೆ. ಎರಡು ಸುಟ್ಟು ಒಂದು ಉಳಿದಿದ್ದರೆ ಸ್ಟಾರಿನಲ್ಲಿ. ಹಳೆಯ ತಂತಿ ಕಿತ್ತು ಗುಜರಿಗೆ ಹಾಕುವ ಮೊದಲೇ ಅಂಗಡಿಗೆ ಹೋಗಿ ಇದನ್ನು ನೋಡಿಕೊಂಡು ಬನ್ನಿ. ಹೊಸ ವೈಂಡಿಂಗ್ ಇಳಿಸುವುದಕ್ಕೆ ಮುಂಚೆ ಸರಿಪಡಿಸಬೇಕಾದ್ದು ರಿಲೇಯೋ, ಫ್ಯೂಸಿನ ಹಿಡಿತವೋ, ಲೈನೋ ಎಂಬುದು ಅಲ್ಲೇ ಗೊತ್ತಾಗುತ್ತದೆ.