ದುಂಡು ಮೊಹರಿನ ಬೆಲೆ

ಹೋದ ತಿಂಗಳು ನನಗೊಂದು ಅಫಿಡವಿಟ್ ಬೇಕಾಯಿತು. ಒಂದು ದಾಖಲೆಯಲ್ಲಿ ನನ್ನ ಹೆಸರಿನ ಜೊತೆ ಊರಿನ ಹೆಸರಿದೆ, ಇನ್ನೊಂದರಲ್ಲಿ ಇಲ್ಲ. ಇಬ್ಬರೂ ಒಬ್ಬನೇ ಎಂದು ಪ್ರಮಾಣ ಮಾಡಿ ಬರೆದುಕೊಡಬೇಕು. ಮಂಡಿನೋವಿತ್ತು. ಮನೆಯಲ್ಲೇ ಸಹಿ ಹಾಕಿ, ಹೈಸ್ಕೂಲಿನ ಮೊಮ್ಮಗಳ ಕೈಲಿ ಪಕ್ಕದ ಬೀದಿಯ ನೋಟರಿಯವರಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಹಾಗೇ ವಾಪಸು ಬಂದಳು.

"ತಾತ, ಅವರು ಸೀಲ್ ಹಾಕಲ್ವಂತೆ. ನೀವೇ ಬಂದು ಅವರ ಎದುರಿಗೆ ಸಹಿ ಮಾಡಬೇಕಂತೆ."

ಸಿಟ್ಟು ಬಂತು. ಮರುಕ್ಷಣವೇ ನಾಚಿಕೆಯಾಯಿತು. ಬ್ಯಾಂಕಿನ ಕೌಂಟರಿನಲ್ಲಿ ಕೂತು "ನನ್ನ ಎದುರಿಗೇ ಹೆಬ್ಬೆಟ್ಟು ಒತ್ತಿ" ಎಂದು ಎಷ್ಟು ಜನರನ್ನು ಮತ್ತೆ ಮತ್ತೆ ಕರೆಸಿದವನು ನಾನು!

ಇಬ್ಬರೂ ಆಟೋದಲ್ಲಿ ಹೋದೆವು. ನೋಟರಿ ನನ್ನ ಗುರುತಿನ ಚೀಟಿ ನೋಡಿದರು, ಕಾಗದ ಓದಿಸಿದರು, ಪ್ರಮಾಣ ಮಾಡಿಸಿ ಹೊಸದಾಗಿ ಸಹಿ ಹಾಕಿಸಿದರು. ರಿಜಿಸ್ಟರಿನಲ್ಲಿ ಬರೆದುಕೊಂಡ ಮೇಲೇ ಮೊಹರು ಒತ್ತಿದ್ದು.

"ತಾತ ಬರದೇ ಇದ್ದರೂ ಒತ್ತಿದ್ದರೆ ಏನಾಗ್ತಿತ್ತು?" ಮೊಮ್ಮಗಳು ಕೇಳಿದಳು.

"ನಾಳೆ ನಿಮ್ಮ ತಾತನ ಹೆಸರಲ್ಲಿ ಬೇರೆ ಯಾರೋ ಸಹಿ ಮಾಡಿ ತಂದರೂ ಒತ್ತಬೇಕಾಗುತ್ತಲ್ಲ ಮಗು!"

ಮಕ್ಕಳೇ, ನೋಟರಿ ಎಂದರೆ 1952ರ ನೋಟರಿ ಕಾಯ್ದೆಯಂತೆ ಸರ್ಕಾರ ನೇಮಿಸಿದವರು. ಸಾಮಾನ್ಯವಾಗಿ ಹಲವು ವರ್ಷ ವಕೀಲಿ ಮಾಡಿದವರು. ಪ್ರಮಾಣ ಮಾಡಿಸುವುದು, ಸಹಿಗೆ ಸಾಕ್ಷಿಯಾಗುವುದು, ಅಸಲಿನೊಂದಿಗೆ ಹೋಲಿಸಿ ನಕಲನ್ನು ದೃಢೀಕರಿಸುವುದು ಅವರ ಕೆಲಸ.

ಅಜ್ಜ ಅಜ್ಜಿಯರಿಗೂ ಎರಡು ಮಾತು. ನೋಟರಿ ಮೊಹರು ಬಿದ್ದ ಮಾತ್ರಕ್ಕೆ ಬರೆದದ್ದೆಲ್ಲ ನಿಜವಾಗದು. ಸುಳ್ಳು ಪ್ರಮಾಣ ಮಾಡಿದರೆ ಅಪರಾಧ, ಹೊಣೆ ಸಹಿ ಮಾಡಿದವರದು. ಮನೆ, ಸೈಟು ಕೊಳ್ಳುವಾಗ "ನೋಟರಿ ಮಾಡಿಸಿದ್ದೇವೆ, ಸಾಕು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕ್ರಯಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಉಯಿಲಿಗೆ ನೋಟರಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇಬೇಕು. ಎಷ್ಟೇ ಹತ್ತಿರದವರು ಕೇಳಿದರೂ ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಕನ್ನಡಕ ಮರೆತಿದ್ದರೆ ಮೊಮ್ಮಕ್ಕಳಿಂದ ಓದಿಸಿಕೊಳ್ಳಿ.

ಮನೆಗೆ ಬಂದ ಮೊಮ್ಮಗಳು ಸ್ಕೇಲ್ ತಂದು ಮೊಹರನ್ನು ಅಳೆದಳು. "ಐದೇ ಸೆಂಟಿಮೀಟರ್ ತಾತ! ಇಷ್ಟಕ್ಕಾ ನಿಮ್ಮನ್ನ ಅಷ್ಟು ದೂರ ಕರೆಸಿದ್ದು?"

"ಪಕ್ಕದ ಬೀದಿ ಕಣೇ," ಎಂದೆ. ಮಂಡಿ ಮಾತ್ರ ಅವಳ ಮಾತನ್ನೇ ಒಪ್ಪಿತು.