ಪೀಡಿತ ಶಿಶುವಿನ ಮನಃಪರೀಕ್ಷೆಯೂ ಅದರ ಮೇರೆಯೂ

ಹೊಡೆದ ಕೈಯನ್ನೇ ಶಿಶುವು ಆಶ್ರಯಕ್ಕಾಗಿ ಹಿಡಿಯುವುದು ಲೋಕದಲ್ಲಿ ಕಾಣಬರುವ ಸಂಗತಿ. ತನಗಾದುದನ್ನು ಹೇಳಲು ಅದಕ್ಕೆ ಮಾತಿಲ್ಲ. ಹೇಳಬಲ್ಲ ಪೋಷಕರು ಮರೆಮಾಚುವುದುಂಟು. ಹೀಗೆ ಆಪ್ತವಾಕ್ಯವು ದೊರೆಯದೆಡೆಯಲ್ಲಿ ಪರೀಕ್ಷಕರು ಲಿಂಗವನ್ನು, ಎಂದರೆ ಕುರುಹನ್ನು, ನೋಡಿ ಅನುಮಾನಿಸಬೇಕಾಗುವುದು. ಆ ಅನುಮಾನವು ಎಷ್ಟು ದೂರ ಸಲ್ಲುವುದೆಂಬುದು ವಿಚಾರಾರ್ಹವಾಗಿದೆ.

ದೇಹದ ವಿಷಯದಲ್ಲಿ ಇದಕ್ಕೆ 1962ರಲ್ಲಿ ದೃಢವಾದ ಆಧಾರವುಂಟಾಯಿತು. ಬೇರೆ ಬೇರೆ ಕಾಲದಲ್ಲಿ ಮುರಿದು ಕೂಡಿಕೊಂಡ ಎಲುಬುಗಳು ಕ್ಷಕಿರಣಚಿತ್ರದಲ್ಲಿ ಕಂಡು, ಪೋಷಕರ ಹೇಳಿಕೆಯು ಅದಕ್ಕೆ ಹೊಂದದಿದ್ದರೆ ಪೀಡೆಯನ್ನು ಶಂಕಿಸತಕ್ಕುದೆಂದು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದ ಹೆನ್ರಿ ಕೆಂಪ್ ಮತ್ತು ಅವರ ಸಹೋದ್ಯೋಗಿಗಳು ಪ್ರತಿಪಾದಿಸಿದರು. ಮನಸ್ಸಿಗಾದರೋ ಅಂತಹ ಚಿತ್ರವಿಲ್ಲ. ನಡತೆಯೇ ಅದರ ಕುರುಹು.

ಈ ನಡತೆಯನ್ನು ನೋಡುವ ಕ್ರಮವನ್ನು ಮೇರಿ ಏನ್ಸ್‌ವರ್ತ್ ಅವರು ಬಾಲ್ಟಿಮೋರ್ ನಗರದಲ್ಲಿ ಏರ್ಪಡಿಸಿ, 1978ರ ಗ್ರಂಥದಲ್ಲಿ ವಿವರಿಸಿದರು. ಒಂದು ವರುಷದ ಆಸುಪಾಸಿನ ಶಿಶುವನ್ನು ಹೊಸದೊಂದು ಕೊಠಡಿಗೆ ಕರೆತರುವರು. ಸುಮಾರು ಇಪ್ಪತ್ತು ನಿಮಿಷಗಳ ಎಂಟು ಘಟ್ಟಗಳಲ್ಲಿ ತಾಯಿಯು ಎರಡು ಸಲ ಹೊರಗೆ ಹೋಗಿ ಮರಳುವಳು. ಇಲ್ಲಿ ಮುಖ್ಯವಾಗಿ ಲಕ್ಷಿಸತಕ್ಕುದು ಶಿಶುವಿನ ಅಳುವಲ್ಲ. ತಾಯಿ ಮರಳಿದಾಗ ಅದು ನಡೆದುಕೊಳ್ಳುವ ಬಗೆ. ಕೆಲವು ಶಿಶುಗಳು ಅಪ್ಪಿಕೊಂಡು ಸಮಾಧಾನಗೊಳ್ಳುವುವು. ಕೆಲವು ಮುಖ ತಿರುಗಿಸುವುವು. ಕೆಲವು ಅಪ್ಪಿಕೊಂಡೂ ಮುನಿಸನ್ನು ಬಿಡವು.

ಈ ಮೂರಕ್ಕೂ ಸೇರದ ಮಕ್ಕಳನ್ನು ಮೇರಿ ಮೇನ್ ಮತ್ತು ಜೂಡಿತ್ ಸಾಲೊಮನ್ ಅವರು 1986ರಲ್ಲಿ ನಾಲ್ಕನೆಯ ವರ್ಗವಾಗಿ ವಿಂಗಡಿಸಿದರು. ಇಂತಹ ಶಿಶುವು ತಾಯಿಯ ಕಡೆಗೆ ಹೋಗುತ್ತ ಮೋರೆಯನ್ನು ಪಕ್ಕಕ್ಕೆ ಹೊರಳಿಸುವುದು, ಇಲ್ಲವೆ ನಡುವೆಯೇ ಸ್ತಬ್ಧವಾಗುವುದು. ಭಯಕ್ಕೆ ಕಾರಣರಾದವರೇ ಭಯದಿಂದ ಕಾಯಬೇಕಾದವರೂ ಆದಾಗ ಶಿಶುವಿಗೆ ಯಾವ ದಾರಿಯೂ ಉಳಿಯದೆಂಬುದು ಇದಕ್ಕೆ ಕೊಡಲಾದ ಒಂದು ವಿವರಣೆ.

ಆದರೆ ಈ ಲಿಂಗವು ಪೀಡೆಗೆ ನಿಯತವಾದುದೆ? 1999ರಲ್ಲಿ ಪ್ರಕಟವಾದ ಅಧ್ಯಯನಗಳ ಸಂಗ್ರಹಪರಿಶೀಲನೆಯಂತೆ ಪೀಡಿತ ಶಿಶುಗಳಲ್ಲಿ ಶೇಕಡ 48ರಷ್ಟು ಈ ವರ್ಗದವು. ಸಾಮಾನ್ಯ ಮಧ್ಯಮವರ್ಗದ ಕುಟುಂಬಗಳಲ್ಲಿಯೂ ಶೇಕಡ 15ರಷ್ಟು ಇವೆ. ಪೀಡೆಯಿಲ್ಲದೆಡೆಯಲ್ಲಿಯೂ ಕುರುಹು ಕಾಣುವುದು, ಪೀಡೆಯಿರುವೆಡೆಯಲ್ಲಿ ಕಾಣದಿರಲೂಬಹುದು. ಹೊಗೆಯು ಬೆಂಕಿಯನ್ನು ಬಿಟ್ಟಿರದಂತೆ ಇದು ಪೀಡೆಯನ್ನು ಬಿಟ್ಟಿರದೆಂಬ ವ್ಯಾಪ್ತಿ ಇಲ್ಲ. ತಾರ್ಕಿಕರು ಇಂತಹ ಹೇತುವನ್ನು ಅನೈಕಾಂತಿಕವೆಂದು ಕರೆವರು. ಅದರಿಂದ ಸಾಧ್ಯವು ಸಿದ್ಧಿಸದು. ಇದು ಬರಿಯ ವಾದದ ಮಾತಲ್ಲ. ಈ ಕುರುಹೊಂದನ್ನೇ ನಂಬಿ ತೀರ್ಪುಕೊಟ್ಟರೆ ನಿರ್ದೋಷಿಯಾದ ತಾಯಿಯಿಂದ ಮಗುವು ಅಗಲಬೇಕಾದೀತು. ಕುರುಹಿಲ್ಲವೆಂದು ಸುಮ್ಮನಾದರೆ ಮಗುವು ಪೆಟ್ಟಿನ ಮನೆಯಲ್ಲಿಯೇ ಉಳಿದೀತು. ಮಕ್ಕಳ ರಕ್ಷಣೆಯ ವ್ಯವಹಾರದಲ್ಲಿ ಈ ವರ್ಗೀಕರಣವನ್ನು ಒಂದೊಂದು ಮಗುವಿನ ಮೇಲೆ ಪ್ರಮಾಣವಾಗಿ ಬಳಸಕೂಡದೆಂದು ಈ ಶಾಸ್ತ್ರದ ಅನೇಕ ವಿದ್ವಾಂಸರೇ 2017ರಲ್ಲಿ ಒಟ್ಟಾಗಿ ಎಚ್ಚರಿಸಿದರು.

ಪೋಷಕರ ಪರೀಕ್ಷೆಗೂ ಇದೇ ನ್ಯಾಯ. 1980ರ ದಶಕದಲ್ಲಿ ಮೇನ್ ಮೊದಲಾದವರು ರಚಿಸಿದ ಪ್ರಶ್ನಾವಳಿಯಲ್ಲಿ, ತಾಯಿತಂದೆಗಳೊಡನೆ ಬಾಲ್ಯದಲ್ಲಿದ್ದ ಸಂಬಂಧಕ್ಕೆ ಐದು ವಿಶೇಷಣಗಳನ್ನು ಹೇಳಿಸಿ, ಒಂದೊಂದಕ್ಕೂ ನಿದರ್ಶನವಾದ ನೆನಪನ್ನು ಕೇಳುವರು. ನಡೆದುದು ಏನೆಂಬುದಕ್ಕಿಂತ ಮಾತಿಗೂ ನೆನಪಿಗೂ ಹೊಂದಿಕೆಯುಂಟೆ ಎಂಬುದೇ ಇಲ್ಲಿ ಪರೀಕ್ಷಣೀಯ. ಬಾಲ್ಯದಲ್ಲಿ ಪೆಟ್ಟು ತಿಂದವರೆಲ್ಲರೂ ಪೀಡಕರಾಗರು. ಆ ನೋವನ್ನು ಮರೆಮಾಡದೆ ಸುಸಂಗತವಾಗಿ ಹೇಳಬಲ್ಲವರು ಮಕ್ಕಳನ್ನು ಚೆನ್ನಾಗಿ ಸಾಕುವುದುಂಟು.

ಆದುದರಿಂದ ಶಿಶುವನ್ನೂ ಪೋಷಕರನ್ನೂ ಬೇರೆ ಬೇರೆಯಾಗಿಯೂ ಒಟ್ಟಾಗಿಯೂ, ಒಂದಕ್ಕಿಂತ ಹೆಚ್ಚು ಸಲ ನೋಡಿ, ದೇಹದ ಗುರುತು, ನೆರೆಯವರ ಮಾತು, ಮನೆಯ ಸ್ಥಿತಿ ಇವುಗಳೊಡನೆ ತೂಗತಕ್ಕುದು. ಇಂತಹ ಪರೀಕ್ಷೆಯ ಫಲವು ದೋಷನಿರ್ಣಯದಲ್ಲಿಯೇ ಮುಗಿಯದು. ರಾಚೆಸ್ಟರ್ ನಗರದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪೀಡೆಯಿದ್ದ ಕುಟುಂಬಗಳ ತಾಯಿಗೂ ಮಗುವಿಗೂ ಒಟ್ಟಾಗಿ ಚಿಕಿತ್ಸೆ ದೊರೆತೆಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ತಾಯಿಯಲ್ಲಿ ನೆಮ್ಮದಿಯನ್ನು ಕಾಣತೊಡಗಿದರು. ಯಾವ ಮನೆಯಲ್ಲಿ ಬಂಧವನ್ನು ಸರಿಪಡಿಸಬಹುದು, ಎಲ್ಲಿ ಮಗುವನ್ನು ಬೇರ್ಪಡಿಸಿಯೇ ಕಾಯಬೇಕು ಎಂಬ ವಿವೇಕವೇ ಈ ಪರೀಕ್ಷೆಯ ಪ್ರಯೋಜನ.