ತಕ್ಕಡಿಗೆ ಸಿಕ್ಕದ ದೂಳು



ನಮ್ಮ ಸಂಘದ ಕಛೇರಿಯ ನೆಲಕ್ಕೆ ಹಾಸಿರುವುದು ಶಹಾಬಾದ್ ಕಲ್ಲು. ನಮ್ಮಲ್ಲಿ ಕೆಲವರ ಕಾಫಿ ಕಣದ ಸಿಮೆಂಟೂ ಆ ಸೀಮೆಯದೇ. ಕಳೆದ ವರ್ಷ ತೊಗರಿ ಹೂಬಿಡುವ ಕಾಲದಲ್ಲಿ ವಾಡಿ ಜಂಕ್ಷನ್ನಿನಲ್ಲಿ ಇಳಿದು, ಕಾಲೇಜಿನ ಹಳೆಯ ಗೆಳೆಯನೊಡನೆ ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಯವರೆಗೆ ಹೋಗಿದ್ದೆ. ಸುಣ್ಣಕಲ್ಲಿನ ಗಣಿ, ಕಾರ್ಖಾನೆ, ಲಾರಿಗಳ ಸಾಲು. ರಸ್ತೆ ಬದಿಯ ತೊಗರಿ ಎಲೆಯೆಲ್ಲ ಬಿಳಿ. "ಇದು ಕಾಣೋ ದೂಳು ಬಿಡಪಾ, ಕಾಣಲಾರದ್ದು ಎಷ್ಟ್ ಒಳಗ ಹೋಗ್ತದೋ ಯಾರಿಗ್ ಗೊತ್ತು" ಎಂದ.

ಪ್ರಶ್ನೆ ಸರಿಯಾದದ್ದೇ. 2009ರ ರಾಷ್ಟ್ರೀಯ ಮಾನದಂಡ ಗಾಳಿಯ ದೂಳನ್ನು ತೂಗಿ ಹೇಳುತ್ತದೆ: 10 ಮೈಕ್ರಾನಿನೊಳಗಿನ ದೂಳು ದಿನವೊಂದರ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ, 2.5 ಮೈಕ್ರಾನಿನೊಳಗಿನದು 60 ಮೀರಬಾರದು. ಆದರೆ 10 ಮೈಕ್ರಾನಿನ ಒಂದು ಕಣದ ತೂಕಕ್ಕೆ 100 ನ್ಯಾನೊಮೀಟರಿನ ಕಣಗಳು 10 ಲಕ್ಷ ಬೇಕು! ಕಲ್ಲು ಅರೆದ ದೂಳು ಬಹುಮಟ್ಟಿಗೆ ದಪ್ಪನೆಯದು. ಈ ಅತಿಸಣ್ಣ ಕಣಗಳು ಹೆಚ್ಚಾಗಿ ಡೀಸೆಲ್ ಹೊಗೆಯಂಥ ಉರಿಯಿಂದ ಬರುವಂಥವು. ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ತಕ್ಕಡಿಗೆ ಮಾತ್ರ ಲೆಕ್ಕಕ್ಕಿಲ್ಲ. ಇವನ್ನು ತೂಗಿ ಪ್ರಯೋಜನವಿಲ್ಲ, ಎಣಿಸಬೇಕು. ಕಣದ ಮೇಲೆ ಆವಿಯನ್ನು ಹನಿಗಟ್ಟಿಸಿ ಎಣಿಸುವ ಯಂತ್ರಗಳು ಮೊದಲಿನಿಂದ ಇವೆ. ಈಚಿನ ಒಂದು ಉಪಾಯ ಗೋಲಗುಂಬಜದ್ದು.

ವಿಜಾಪುರಕ್ಕೆ ಹೋದವರಿಗೆ ಗೊತ್ತು: ಗುಮ್ಮಟದ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯವನಿಗೆ ಕೇಳಿಸುತ್ತದೆ. ದನಿಯು ಬಾಗಿದ ಗೋಡೆಯನ್ನೇ ಹಿಡಿದು ಸಾಗುತ್ತದೆ. ಸಿ.ವಿ. ರಾಮನ್ನರು 1920ರ ದಶಕದ ಆರಂಭದಲ್ಲಿ ಇದನ್ನು ಅಭ್ಯಸಿಸಿದ್ದರು. ಬೆಳಕನ್ನೂ ಹೀಗೆಯೇ ಸುತ್ತಿಸಬಹುದು. ಸಿಲಿಕಾನ್ ಬಿಲ್ಲೆಯ ಮೇಲೆ ಕೂದಲೆಳೆಯಷ್ಟು ಅಗಲವೂ ಇಲ್ಲದ ಗಾಜಿನ ಬಳೆ. ಪಕ್ಕದಲ್ಲಿ ಎಳೆಗಾಜಿನ ತಂತಿಯಿಂದ ಲೇಸರ್ ಬೆಳಕು. ಸುತ್ತಳತೆಗೆ ಅಲೆಗಳು ಇಡಿಯಾಗಿ ಕೂರುವ ಬಣ್ಣ ಮಾತ್ರ ಬಳೆಯಲ್ಲಿ ನಿಂತು, ಉತ್ತಮ ಬಳೆಯಾದರೆ ಲಕ್ಷ ಸುತ್ತು ಹಾಕುತ್ತದೆ. ಅಂಚಿನ ಮೇಲೊಂದು ಕಣ ಕುಳಿತರೆ ಪ್ರತಿ ಸುತ್ತಿಗೂ ಅದನ್ನು ತಾಗಲೇಬೇಕು. ಆಗ ಪ್ರದಕ್ಷಿಣೆ ಹಾಕುವ ಬೆಳಕಿನಲ್ಲಿ ಒಂದಿಷ್ಟು ಅಪ್ರದಕ್ಷಿಣೆಯಾಗಿ ಹಿಂದಿರುಗಿ, ಒಂದಿದ್ದ ಬಣ್ಣದ ಗೆರೆ ಎರಡಾಗಿ ಸೀಳುತ್ತದೆ. ವಸ್ತು ಯಾವುದೆಂದು ಗೊತ್ತಿದ್ದರೆ ಆ ಸೀಳಿನಿಂದ ಕಣದ ಗಾತ್ರವನ್ನೂ ಲೆಕ್ಕಹಾಕಬಹುದು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಾನ್ ಯಾಂಗ್ ತಂಡ 30 ನ್ಯಾನೊಮೀಟರ್ ತ್ರಿಜ್ಯದ ಕಣಗಳನ್ನು ಹೀಗೆ ಒಂದೊಂದಾಗಿ ಅಳೆದು 2010ರಲ್ಲಿ ಪ್ರಕಟಿಸಿತು.

ನನಗೆ ಮೆಚ್ಚುಗೆಯಾದದ್ದು ಇನ್ನೊಂದು. ಬಿಸಿಗೆ ಗೆರೆಗಳು ಸರಿಯುತ್ತವೆ, ಆದರೆ ಎರಡೂ ಒಟ್ಟಿಗೇ ಸರಿಯುವುದರಿಂದ ನಡುವಿನ ಅಂತರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಕಲಬುರಗಿಯ ಬಿಸಿಲಿಗೆ ಈ ಗುಣ ಬೇಕೇ ಬೇಕು. ಆದರೂ ಲೇಸರ್ ದುಬಾರಿ, ಬಳೆ ನಾಜೂಕು. ಪ್ರಯೋಗಶಾಲೆಯ ಶುದ್ಧ ಗಾಳಿ ಬೇರೆ, ವಾಡಿಯ ಲಾರಿ ರಸ್ತೆ ಬೇರೆ.

ಇಷ್ಟನ್ನೂ ಗೆಳೆಯನಿಗೆ ಬರೆದೆ. ಆತನ ಉತ್ತರ ಒಂದೇ ಸಾಲು: "ಬಳಿ ಮ್ಯಾಲ ದೂಳು ತುಂಬಿದ್ರ ತೊಳಿಯೋದು ಹ್ಯಾಂಗ?" ಕೂತ ಕಣ ಸುಲಭವಾಗಿ ಏಳುವುದಿಲ್ಲ, ಸಂಶೋಧಕರಿಗೂ ಕಾಡಿರುವ ತೊಡಕು ಅದೇ.